ಡಬ್ಬಿ ಹುಡುಕಲು ಹೋದೆವು, ದಾರಿ ಮುಚ್ಚಿತ್ತು

ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಡಾರ್ಟ್‌ಮೂರ್ ಅಂತ ಒಂದು ಕಾಡುಬಯಲು ಇದೆ. ಜೌಗು, ಮಂಜು, ಹುಲ್ಲು, ನಡುನಡುವೆ ಗ್ರಾನೈಟ್ ಬಂಡೆಗಳ ಗುಡ್ಡ. ಬಂಡೆ ಮಾತ್ರ ನಮ್ಮ ಪಾವಗಡ, ಮಧುಗಿರಿ ಕಡೆಯ ಬಂಡೆಯ ಹಾಗೇ ಕಾಣುತ್ತದೆ.

ಅಲ್ಲಿನ ಜನಕ್ಕೆ ಒಂದು ಹುಚ್ಚು. ಬಂಡೆ ಸಂದಿಯಲ್ಲಿ ಸಣ್ಣ ಡಬ್ಬಿ ಬಚ್ಚಿಟ್ಟು ಸುಳಿವು ಬರೆಯುತ್ತಾರೆ. ಬೇರೆಯವರು ಆ ಸುಳಿವು ಓದಿಕೊಂಡು ನಡೆದುಹೋಗಿ ಹುಡುಕುತ್ತಾರೆ. ಡಬ್ಬಿಯೊಳಗೆ ದುಡ್ಡು, ಒಡವೆ ಏನೂ ಇರುವುದಿಲ್ಲ. ಒಂದು ರಬ್ಬರ್ ಸ್ಟಾಂಪು, ಒಂದು ಪುಸ್ತಕ, ಅಷ್ಟೇ. ಹುಡುಕಿದವರು ಅಲ್ಲಿನ ಸ್ಟಾಂಪನ್ನು ತಮ್ಮ ಪುಸ್ತಕಕ್ಕೆ, ತಮ್ಮ ಸ್ಟಾಂಪನ್ನು ಅಲ್ಲಿನ ಪುಸ್ತಕಕ್ಕೆ ಒತ್ತಿ, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬರುತ್ತಾರೆ. ಇದಕ್ಕೆ ಲೆಟರ್‌ಬಾಕ್ಸಿಂಗ್ ಅನ್ನುತ್ತಾರೆ.

ಶುರುವಾದದ್ದು 1854ರಲ್ಲಿ. ಚಾಗ್‌ಫರ್ಡ್ ಎಂಬ ಊರಿನ ಜೇಮ್ಸ್ ಪೆರಟ್ ಬಂದವರಿಗೆ ದಾರಿ ತೋರಿಸುವ ಕೆಲಸ ಮಾಡುತ್ತಿದ್ದ. ರಸ್ತೆಯಿಂದ ಬಹಳ ದೂರದ ಕ್ರಾನ್‌ಮಿಯರ್ ಪೂಲ್ ಎಂಬ ಜಾಗದಲ್ಲಿ ಒಂದು ಬಾಟಲಿ ಇಟ್ಟ. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿ ಅದರಲ್ಲಿ ಹಾಕಿ ಹೋಗಲಿ ಅಂತ. ಆಮೇಲೆ ಜನ ತಮ್ಮದೇ ವಿಳಾಸ ಬರೆದ ಅಂಚೆ ಕಾರ್ಡು ಬಿಟ್ಟುಬರಲು ಶುರುಮಾಡಿದರು. ಮುಂದೆ ಬಂದವರು ಅದನ್ನು ಎತ್ತಿಕೊಂಡು ಹೋಗಿ ಅಂಚೆಗೆ ಹಾಕಬೇಕು. ಲೆಟರ್‌ಬಾಕ್ಸ್ ಎಂಬ ಹೆಸರು ಬಂದದ್ದು ಹಾಗೆ. 1937ರಲ್ಲಿ ಆ ಜಾಗದಲ್ಲಿ ಕಲ್ಲಿನದೇ ಒಂದು ಪೆಟ್ಟಿಗೆ ಕಟ್ಟಿಸಲು ಮುಂದೆ ನಿಂತದ್ದು ವೆಸ್ಟರ್ನ್ ಮಾರ್ನಿಂಗ್ ನ್ಯೂಸ್ ಎಂಬ ಅಲ್ಲಿನ ಪತ್ರಿಕೆ. ಮರುವರ್ಷ ಡಕ್ಸ್ ಪೂಲ್ ಎಂಬಲ್ಲಿ ಇನ್ನೊಂದು ಪೆಟ್ಟಿಗೆ ಬಂತು, ಡಾರ್ಟ್‌ಮೂರಿನ ಕಲ್ಲು, ಹಳ್ಳ, ದಾರಿಗಳ ಬಗ್ಗೆ ಜೀವಮಾನವಿಡೀ ಬರೆದ ವಿಲಿಯಂ ಕ್ರಾಸಿಂಗ್ ನೆನಪಿಗೆ. ಜಿಲ್ಲಾ ಪುಟಕ್ಕೆ ಸುದ್ದಿ ಬರೆಯುವ ನಮ್ಮಂಥವರಿಗೆ ಇದನ್ನು ಓದಿ ಖುಷಿಯಾಗದೆ ಇರುತ್ತದೆಯೇ?

ಇನ್ನೊಂದು ಸಂಗತಿ ಹೇಳಬೇಕು. ಕ್ರಾನ್‌ಮಿಯರ್ ಪೂಲ್‌ನಲ್ಲಿ ಈಗ ನೀರಿನ ಕೊಳವೇ ಇಲ್ಲ. ಕರೀ ಜೌಗುಮಣ್ಣಿನ ಒಂದು ತಗ್ಗು, ಅಷ್ಟೇ. ನೋಡಲು ಅಲ್ಲಿ ಏನೂ ಇಲ್ಲ. ಆದರೂ ಡಬ್ಬಿ ಇದೆ ಅಂತ ಜನ ನಡೆಯುತ್ತಾರೆ, ಜನ ನಡೆಯುವುದರಿಂದ ಆ ಜಾಗದ ಹೆಸರು ಉಳಿದಿದೆ.

ಈ ಮಾತು ತಲೆಯಲ್ಲಿ ಕೂತದ್ದರಿಂದಲೇ ದಸರಾ ರಜೆಯ ಒಂದು ಭಾನುವಾರ ನಾವು ಮೂವರು ವರದಿಗಾರರು ನಮ್ಮ ಹೋಬಳಿಯ ಒಂದು ಊರಲ್ಲಿ ಈ ಆಟ ಆಡಿಸಿದೆವು. ಏಳರಿಂದ ಒಂಬತ್ತನೇ ಕ್ಲಾಸಿನ ಹನ್ನೊಂದು ಮಕ್ಕಳು. ನಾಲ್ಕು ಊಟದ ಡಬ್ಬಿ, ನಾಲ್ಕು ನೋಟ್‌ಬುಕ್ಕು, ಒಂದು ಇಂಕ್ ಪ್ಯಾಡು. ಸ್ಟಾಂಪುಗಳನ್ನು ಅಳಿಸುವ ರಬ್ಬರಿನಲ್ಲಿ ಬ್ಲೇಡಿನಿಂದ ನಾವೇ ಕೊರೆದೆವು. ಮಕ್ಕಳು ತಮ್ಮ ಸ್ಟಾಂಪಿಗೆ ಬೆಂಡೆಕಾಯಿ, ಆಲೂಗೆಡ್ಡೆ ಕತ್ತರಿಸಿಕೊಂಡು ಬಂದರು.

ಫೋನಿನ ಜಿಪಿಎಸ್ ಹಿಡಿದು ಡಬ್ಬಿ ಹುಡುಕುವ ಆಟವೂ ಇದೆ, ಜಿಯೋಕ್ಯಾಶಿಂಗ್ ಅಂತ. 2000ದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್‌ನ ನಿಖರ ಅಳತೆಯನ್ನು ಸಾಮಾನ್ಯ ಜನಕ್ಕೂ ಬಿಟ್ಟುಕೊಟ್ಟ ಬೆನ್ನಿಗೇ ಹುಟ್ಟಿದ್ದು ಅದು. ನಮಗೆ ಅದು ಬೇಡವಾಗಿತ್ತು. ಫೋನು ಕೈಗೆ ಬಂದರೆ ಮಕ್ಕಳು ಪರದೆ ನೋಡುತ್ತಾರೆ, ಕಾಲ ಕೆಳಗಿನ ನೆಲ ನೋಡುವುದಿಲ್ಲ. ಹಾಗಾಗಿ ಸುಳಿವೆಲ್ಲ ಊರ ಮಾತಿನಲ್ಲೇ ಇರಲಿ ಅಂದುಕೊಂಡೆವು.

ಸುಳಿವು ಬರೆಯಲು ಜಾಗಗಳ ಹೆಸರು ಬೇಕಲ್ಲ. ಊರಲ್ಲಿ ಕೇಳಿದರೆ ಮೂವತ್ತು ವರ್ಷದ ಒಳಗಿನವರು ಹೇಳಿದ್ದು ಬಸ್ ಸ್ಟಾಪು, ಟವರ್, ನೀರಿನ ಟ್ಯಾಂಕು. ಕೊನೆಗೆ ಕುರಿ ಕಾಯುವ ಒಬ್ಬ ತಾತನನ್ನೂ ಹುಲ್ಲು ಹೊರುವ ಒಬ್ಬ ಅಜ್ಜಿಯನ್ನೂ ಹಿಡಿದೆವು. ಅರ್ಧ ಗಂಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರು ಬಂದವು. ಬೆಣ್ಣೆಗುಂಡು, ಜೋಡಿಬಸರಿ, ಹಂದಿಮಡು, ಸೂಲಗಿತ್ತಿ ಬಂಡೆ. ಬೆಟ್ಟಕ್ಕೆ ಸೊಪ್ಪಿಗೆ ಹೋದ ಹೆಂಗಸೊಬ್ಬಳಿಗೆ ಆ ಬಂಡೆ ಮರೆಯಲ್ಲಿ ಹೆರಿಗೆ ಆಗಿತ್ತಂತೆ.

"ಇವೆಲ್ಲ ಯಾಕಪ್ಪಾ ಬರ್ಕೊಂತೀರಿ? ಪೇಪರ್‌ಗೆ ಹಾಕ್ತೀರಾ?" ಅಂದರು ಅಜ್ಜಿ.

"ಇಲ್ಲ ಅಜ್ಜಿ, ಮಕ್ಳಿಗೆ ಆಟ ಆಡ್ಸೋಕೆ."

"ಆಟಾನಾ? ಆಗ್ಲಿ ಬಿಡು, ಹಂಗಾದ್ರೂ ಕಲೀಲಿ."

ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಕಡೆ ಬಂಡೆ ಸಂದಿ ತಡಕುವವರನ್ನು ಕಂಡರೆ ಜನ ಮೊದಲು ಅಂದುಕೊಳ್ಳುವುದು ನಿಧಿ ಕಳ್ಳರು ಅಂತ. ನಿಧಿ ಆಸೆಗೆ ಗುಡಿಯ ಪೀಠ ಕಿತ್ತದ್ದು, ವೀರಗಲ್ಲು ಒಡೆದದ್ದು ನಾವೇ ವರದಿ ಮಾಡಿದ್ದೇವೆ. ಅದಕ್ಕೆ ಪಂಚಾಯ್ತಿಗೂ ಪೊಲೀಸ್ ಠಾಣೆಗೂ ಮೊದಲೇ ತಿಳಿಸಿದ್ದೆವು. ಡಾರ್ಟ್‌ಮೂರಿನಲ್ಲೂ ಕಟ್ಟುಪಾಡು ಇದೆ. ಹಳೇ ಕಾಲದ ಕಲ್ಲುಸಾಲು, ಸಮಾಧಿ, ಗೋಡೆಗಳಲ್ಲಿ ಡಬ್ಬಿ ಇಡುವಂತಿಲ್ಲ, ಸಿಮೆಂಟು ಹಾಕುವಂತಿಲ್ಲ. ನಾವೂ ಅಗೆಯುವುದಿಲ್ಲ, ಕಲ್ಲು ಸರಿಸುವುದಿಲ್ಲ, ಗುಡಿ, ವೀರಗಲ್ಲುಗಳ ಹತ್ತಿರ ಹೋಗುವುದಿಲ್ಲ ಅಂತ ಮಕ್ಕಳಿಂದ ಹೇಳಿಸಿಕೊಂಡೆವು. ಚಿರತೆ, ಕರಡಿ ಓಡಾಡುವ ದೊಡ್ಡ ಬೆಟ್ಟದ ಕಡೆಗೆ ಹೋಗಲೇ ಇಲ್ಲ. ಹಾವು ಇರಬಹುದು ಅಂತ ಸಂದಿಗೆ ಕೈ ಹಾಕುವ ಮೊದಲು ಕೋಲು ಆಡಿಸುವುದು ನಿಯಮ.

ಮೊದಲ ಡಬ್ಬಿ ಹತ್ತು ನಿಮಿಷದಲ್ಲಿ ಸಿಕ್ಕಿತು. ಸುಳಿವು ಹೀಗಿತ್ತು: "ಜೋಡಿಬಸರಿಗೆ ಬೆನ್ನು ಕೊಡು, ಹೊತ್ತು ಹುಟ್ಟೋ ಕಡೆಗೆ ನಲವತ್ತು ಹೆಜ್ಜೆ, ಮೂರು ಕಲ್ಲು ಕೂತಲ್ಲಿ ಮಧ್ಯದವನನ್ನು ಕೇಳು." ಹೆಜ್ಜೆ ಯಾರದ್ದು ಅಂತ ಜಗಳ ಬಿತ್ತು. ಉದ್ದ ಕಾಲಿನ ಹುಡುಗ ಬಂಡೆ ದಾಟಿ ಹೋದ, ಗಿಡ್ಡ ಹುಡುಗಿ ಬಂಡೆ ಮುಟ್ಟಲಿಲ್ಲ, ಇಬ್ಬರ ನಡುವೆ ನಿಂತವಳಿಗೆ ಡಬ್ಬಿ ಸಿಕ್ಕಿತು. ಎರಡನೆಯದು ಸೂಲಗಿತ್ತಿ ಬಂಡೆಯಲ್ಲಿ, ಮೂರನೆಯದು ಹಂದಿಮಡುವಿನ ದಡದಲ್ಲಿ. ಹಂದಿಮಡುವಿನಲ್ಲೂ ಈಗ ನೀರಿಲ್ಲ, ಜಾಲಿ ಬೆಳೆದಿದೆ. "ಮಡು ಅಂದ್ರೆ ನೀರು ಇರ್ಬೇಕಲ್ಲಾ ಸಾರ್?" ಅಂದಳು ಒಬ್ಬಳು. ಕ್ರಾನ್‌ಮಿಯರ್ ಕತೆ ಅಲ್ಲೇ ಕೂತು ಹೇಳಿದೆವು.

ನಾಲ್ಕನೇ ಡಬ್ಬಿಯನ್ನು ಹಿಂದಿನ ಸಂಜೆ ಕೆರೆ ಆಚೆಯ ಹುಣಸೆ ತೋಪಿನಲ್ಲಿ ಇಟ್ಟಿದ್ದೆವು, ಬೈಕಿನಲ್ಲಿ ಏರಿ ಮೇಲಿನಿಂದ ಹೋಗಿ. ಸುಳಿವು ಮಾತ್ರ ತಾತ ಹೇಳಿದ ಬಂಡಿದಾರಿಯದ್ದು. ಗ್ರಾಮ ನಕ್ಷೆಯಲ್ಲೂ ಆ ದಾರಿ ಜೋಡಿ ಚುಕ್ಕೆಗೆರೆಯಲ್ಲಿ ಚೆನ್ನಾಗಿ ಕಾಣುತ್ತದೆ. ಮಕ್ಕಳು ಓಡಿದವರು ಅರ್ಧ ದಾರಿಯಲ್ಲಿ ನಿಂತರು. ಅಡ್ಡಕ್ಕೆ ಕಲ್ಲುಕಂಬ, ಮುಳ್ಳುತಂತಿ. ಆಚೆ ಎಳೇ ಅಡಿಕೆ ಗಿಡ, ಹನಿ ನೀರಾವರಿ ಪೈಪು.

ಯಾರೂ ಮಾತಾಡಲಿಲ್ಲ. ಆಮೇಲೆ ಕಾಲೋನಿಯ ಒಬ್ಬ ಹುಡುಗ, ಬೆಳಗಿನಿಂದ ಬಾಯಿ ಬಿಡದಿದ್ದವನು, ಹೇಳಿದ: "ನಮ್ ತಾತನ್ನ ಹೊತ್ಕೊಂಡ್ ಹೋಗಿದ್ದು ಇದೇ ದಾರೀಲಿ ಸಾರ್. ಆಮೇಲೆ ತಂತಿ ಹಾಕಿದ್ರು. ನಮ್ ಅತ್ತೆ ತೀರ್ಕೊಂಡಾಗ ಕೆರೆ ಅಂಗಳದಲ್ಲಿ ಸುತ್ಕೊಂಡ್ ಹೋದ್ರು. ಮಳೆ ಬಂದಿತ್ತು. ಮಂಡಿವರ್ಗೂ ಕೆಸ್ರು."

ಹುಣಸೆ ತೋಪಿನ ಪಕ್ಕದ್ದೇ ಕಾಲೋನಿಯವರ ಸ್ಮಶಾನ.

ಸ್ಮಶಾನಕ್ಕೆ ಜಾಗವಿಲ್ಲ ಎಂಬ ಸುದ್ದಿ ಎಲ್ಲರೂ ಬರೆಯುತ್ತಾರೆ. ಈ ಊರಲ್ಲಿ ಜಾಗ ಇದೆ, ಪಹಣಿಯಲ್ಲೂ ಇದೆ. ಹೋಗುವ ದಾರಿ ಇಲ್ಲ. ಕಡತದ ಪ್ರಕಾರ ಎಲ್ಲ ಸರಿಯಿರುವುದರಿಂದ ಕಚೇರಿಯಲ್ಲಿ ಕೂತವರಿಗೆ ಇದು ಕಾಣುವುದಿಲ್ಲ. ನಡೆದವರಿಗೆ ಮಾತ್ರ ತಂತಿ ತಗಲುತ್ತದೆ.

ತೋಟದವರು ಅಷ್ಟರಲ್ಲಿ ಬಂದರು. ಕೂಗಾಡಲಿಲ್ಲ. "ದಾರಿ ಇತ್ತು, ಇಲ್ಲ ಅನ್ನಲ್ಲ. ಯಾರೂ ಓಡಾಡ್ತಿರ್ಲಿಲ್ಲ, ಹಾಕ್ಕೊಂಡ್ವಿ. ಸರ್ವೇಯರ್ ಬಂದು ಗುರುತು ಮಾಡ್ಲಿ, ಬಿಡ್ತೀವಿ," ಅಂದರು. ಯಾರೂ ಓಡಾಡುತ್ತಿರಲಿಲ್ಲ ಎಂಬ ಮಾತನ್ನು ಹುಡುಗ ಕೇಳಿಸಿಕೊಂಡು ನಿಂತಿದ್ದ. ಬಂಡಿಗಳು ಹೋದ ಮೇಲೆ ದಿನವೂ ಓಡಾಡುವವರು ಕಡಿಮೆಯಾದದ್ದು ನಿಜ. ಸಾವು ದಿನಾ ಬರುವುದಿಲ್ಲವಲ್ಲ.

ಮಕ್ಕಳು ಆಟ ಬಿಡಲಿಲ್ಲ. ಕೆರೆ ಅಂಗಳ ಸುತ್ತಿ ಮುಕ್ಕಾಲು ಗಂಟೆ ನಡೆದು ನಾಲ್ಕನೇ ಡಬ್ಬಿ ತೆಗೆದರು. ಆ ಪುಸ್ತಕದಲ್ಲಿ ಮೊದಲ ಸ್ಟಾಂಪು ಆ ಹುಡುಗನದ್ದು, ಬೆಂಡೆಕಾಯಿಯ ಹೂವಿನಂಥ ಗುರುತು.

ಮರುವಾರ ಕಾಲೋನಿಯ ಹಿರಿಯರು ದಾರಿ ಗುರುತಿಸಿಕೊಡಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಟ್ಟರು. ಜೊತೆಗೆ ಗ್ರಾಮ ನಕ್ಷೆ ಲಗತ್ತಿಸಿದ್ದಾರೆ. ಹೆಬ್ಬೆಟ್ಟು ಒತ್ತಿದ ಅಜ್ಜಿಯೊಬ್ಬರು, "ನಮ್ದೂ ಸ್ಟಾಂಪೇ," ಅಂದು ನಕ್ಕರು. ಅಳತೆ ಇನ್ನೂ ಆಗಿಲ್ಲ. ಆದಾಗ ಬರೆಯುತ್ತೇವೆ, ಆಗದಿದ್ದರೂ ಬರೆಯುತ್ತೇವೆ.

ನಿಮ್ಮ ಊರಲ್ಲೂ ಮಾಡಿ ನೋಡಿ. ಖರ್ಚು ಇನ್ನೂರು ರೂಪಾಯಿ ದಾಟುವುದಿಲ್ಲ. ಮೊದಲು ಹಿರಿಯರ ಹತ್ತಿರ ಕೂತು ಜಾಗಗಳ ಹೆಸರು ಬರೆದುಕೊಳ್ಳಿ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಊರಿನ ನಕ್ಷೆ ಸಿಗುತ್ತದೆ. ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ, ಜೋಡಿ ಇದ್ದರೆ ಬಂಡಿದಾರಿ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆ್ಯಪ್ ಇದೆ. ಖಾಸಗಿ ಜಮೀನಾದರೆ ಕೇಳಿಯೇ ಹೋಗಿ. ಮಕ್ಕಳ ಜೊತೆ ಇಬ್ಬರಾದರೂ ದೊಡ್ಡವರು ಇರಲಿ. ಸುಳಿವಿನಲ್ಲಿ ಟವರು, ಟ್ಯಾಂಕು ಬೇಡ, ಹಳೇ ಹೆಸರುಗಳನ್ನೇ ಹಾಕಿ.

ಡಬ್ಬಿ ಸಿಗದೆ ಹೋದರೆ ಬೇಜಾರಿಲ್ಲ. ದಾರಿ ಎಲ್ಲಿ ನಿಂತಿತು ಅಂತ ಮಾತ್ರ ಬರೆದಿಟ್ಟುಕೊಳ್ಳಿ.