ದೊಡ್ಡಪ್ಪನ ಜೀಪಿಗೆ ಪವರ್ ಸ್ಟೀರಿಂಗ್

ಜನವರಿ ಕೊನೆಯ ವಾರ ಗೋಣಿಬೀಡಿಗೆ ಹೋಗಿದ್ದು ರಜೆ ಕಳೆಯೋಕೇನೂ ಅಲ್ಲ. ಕಾಫಿ ಕೊಯ್ಲು ನಡೀತಿತ್ತು, ಆಳು ಸಾಲದು. ಜೊತೆಗೆ ದೊಡ್ಡಪ್ಪನ ಫೋನು: "ನೀನು ಇಂಜಿನಿಯರಲ್ವ ಮಾರಾಯ, ಬಂದು ಈ ಜೀಪಿನ ವಿಷಯ ಒಂದು ತೀರ್ಮಾನ ಮಾಡಿ ಹೋಗು." ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಸ್ಪ್ಯಾನರ್ ಹಿಡಿದದ್ದು ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ಅಷ್ಟೆ. ಆದರೆ ನಮ್ಮ ಮನೆಯಲ್ಲಿ ಇಂಜಿನಿಯರ್ ಅಂದ್ರೆ ಮಿಕ್ಸಿಯಿಂದ ಹಿಡಿದು ಪಲ್ಪರ್ ತನಕ ಎಲ್ಲಾ ಗೊತ್ತಿರಬೇಕು.

ಹಾಸನ, ಬೇಲೂರು ದಾಟಿ ಸಿಲ್ವರ್ ಓಕ್ ಮರಗಳ ಸಾಲು ಶುರುವಾದ ಮೇಲೆ ಬಸ್ಸಿನ ಕಿಟಕಿ ಮುಚ್ಚಬೇಕು, ಅಂಥ ಚಳಿ. ಗೋಣಿಬೀಡು ಮೂಡಿಗೆರೆ ತಾಲೂಕಿನ ಒಂದು ಹೋಬಳಿ. ಪ್ರವಾಸಕ್ಕೆ ಬರುವವರು ದೇವರಮನೆ, ಚಾರ್ಮಾಡಿ ಅಂತ ಮುಂದೆ ಹೋಗಿಬಿಡ್ತಾರೆ. ನನ್ನನ್ನು ಕೇಳಿದರೆ ಈ ಕಡೆ ಬಂದವರು ಒಂದು ದಿನ ಸುಮ್ಮನೆ ಕೂತು ಜೀಪು ನೋಡಬೇಕು. ಒಂದರಂತೆ ಇನ್ನೊಂದಿಲ್ಲ.

ನಮ್ಮದು ಯುದ್ಧಕಾಲದ ಜೀಪು. ಎರಡನೇ ಮಹಾಯುದ್ಧಕ್ಕೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಯುದ್ಧ ಮುಗಿದ ಮೇಲೆ ಸೈನ್ಯ ಹರಾಜು ಹಾಕಿದ್ದು ನಮ್ಮ ಬೆಟ್ಟಕ್ಕೂ ಬಂತು. ಹಳಬರು ಈಗಲೂ 'ಡಿಸ್ಪೋಸಲ್ ಜೀಪ್' ಅಂತಲೇ ಕರೆಯೋದು. ಅಜ್ಜ ತಂದಾಗ ಇದರಲ್ಲಿ ಇದ್ದಿದ್ದು 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್. ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲಿ, ಬಂಕಿಗೆ ಹೋದರೆ ಓಡಿಸುವವನೇ ಎದ್ದು ನಿಲ್ಲಬೇಕು. ಹೆಡ್‌ಲೈಟನ್ನು ಹಿಂದಕ್ಕೆ ಮಡಚಿದರೆ ಬೆಳಕು ಇಂಜಿನ್ ಮೇಲೆ ಬೀಳುತ್ತೆ, ಕತ್ತಲಲ್ಲಿ ರಿಪೇರಿ ಮಾಡಲಿ ಅಂತ. ಚಿಕ್ಕವನಿದ್ದಾಗ ನನಗೆ ಜೀಪು ಅಂದ್ರೆ ಆ ಮಡಚುವ ಕಣ್ಣು.

ಆ ಪೆಟ್ರೋಲ್ ಇಂಜಿನ್ನಿನ ಹೊಟ್ಟೆ ತುಂಬಿಸಲಾಗದೆ ದೊಡ್ಡಪ್ಪ ಅದನ್ನು ಇಳಿಸಿ, ಮಹೀಂದ್ರ ಎಂಎಂ540ಯಲ್ಲಿ ಬರುತ್ತಿದ್ದ 2.1 ಲೀಟರಿನ ಪ್ಯೂಜೋ ಡೀಸೆಲ್ ಕೂರಿಸಿದರು. ಹೇಳೋಕೆ ಒಂದು ವಾಕ್ಯ, ಮಾಡೋಕೆ ಎರಡು ತಿಂಗಳು. ಹೊಸ ಇಂಜಿನ್ನು ಹಳೇ ಗೇರ್‌ಬಾಕ್ಸಿಗೆ ಕೂರಬೇಕಾದರೆ ನಡುವೆ ಒಂದು ದಪ್ಪ ಪ್ಲೇಟು ಬೇಕು, ಅದರ ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಕ್ಲಚ್ಚು ತಿನ್ನುತ್ತೆ. ಡೀಸೆಲ್ ಭಾರ, ಆದ್ದರಿಂದ ಮುಂದಿನ ಪಟ್ಟಿಗೆ ಇನ್ನೊಂದು ಎಲೆ. ಆರು ವೋಲ್ಟಿನ ವೈರಿಂಗ್ ಕಿತ್ತು ಹನ್ನೆರಡು. ಆಮೇಲೆ ರೇಡಿಯೇಟರು, ಆಮೇಲೆ ಬ್ರೇಕು. ಒಂದು ಬದಲಾಯಿಸಿದರೆ ಇನ್ನೊಂದು ಬಂದು ನಿಲ್ಲುವುದು ನಮ್ಮ ಹಳೇ ಕೋಡಿನಲ್ಲೂ ಹೀಗೇ ಬಿಡಿ.

ಅಮೆರಿಕದಲ್ಲಿ ಇದೇ ಕೆಲಸಕ್ಕೆ 'ಹಾಟ್ ರಾಡ್' ಅಂತ ದೊಡ್ಡ ಹೆಸರಿದೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಹಳೇ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಬಿಚ್ಚಿ, ಇಂಜಿನ್ ತಿದ್ದಿ, ಒಣಗಿದ ಕೆರೆಯಂಗಳದಲ್ಲಿ ಓಡಿಸಿ ಶುರುಮಾಡಿದ್ದು. 1932ರಲ್ಲಿ ಫೋರ್ಡ್ ಕಡಿಮೆ ಬೆಲೆಗೆ ವಿ8 ಇಂಜಿನ್ ಕೊಟ್ಟ ಮೇಲೆ ಕೇಳೋದೇ ಬೇಡ. ಆ ವರ್ಷದ ಎರಡು ಬಾಗಿಲಿನ ಕೂಪ್‌ಗೆ ಈಗ ಹೊಸ ಇಂಜಿನ್, ಡಿಸ್ಕ್ ಬ್ರೇಕ್, ಎಸಿ ಎಲ್ಲಾ ಹಾಕಿ, ಮೇಲೆ ಮಾತ್ರ ಹಳೇ ರೂಪ ಉಳಿಸಿಕೊಂಡು ಕನ್ನಡಿಯಂತೆ ಪೇಂಟ್ ಹೊಡೀತಾರೆ. ಅವರಿಗೆ ವೇಗ ಬೇಕಿತ್ತು. ನಮ್ಮವರಿಗೆ ಬೇಕಿದ್ದದ್ದು ಮೂಟೆ ಹೊತ್ತು ಏರು ಹತ್ತುವುದು. ದೊಡ್ಡಪ್ಪನಿಗೆ ಫೋನಿನಲ್ಲಿ ಅಂಥ ಒಂದು ಕಾರಿನ ವಿಡಿಯೊ ತೋರಿಸಿದೆ. "ಚೆನ್ನಾಗಿದೆ, ಗೊಬ್ಬರ ಎಲ್ಲಿ ಹಾಕ್ತಾರೆ?" ಅಂದರು.

ತಕರಾರು ಇರುವುದು ಬೇರೆ. ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ, ಬಲ ಭುಜ ಏಳುವುದಿಲ್ಲ. ಹಳ್ಳದ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸೋಕೆ ಎದ್ದು ನಿಂತು ಎಳೀತಾರೆ. ಅವರಿಗೆ ಪವರ್ ಸ್ಟೀರಿಂಗ್ ಬೇಕು. ಮೆಲ್ಬರ್ನ್‌ನಲ್ಲಿರುವ ಅಣ್ಣನಿಗೆ, ಅಂದ್ರೆ ಅವರ ಮಗನಿಗೆ, ಅಪ್ಪ ಓಡಿಸೋದೇ ಬೇಡ. ಶೆಡ್ಡಿನಲ್ಲಿ ಬಿದ್ದಿರುವ ಪೆಟ್ರೋಲ್ ಇಂಜಿನನ್ನು ಮತ್ತೆ ಕೂರಿಸಿ ಮೊದಲಿನಂತೆ ಮಾಡಿಸಿದರೆ ಸಂಗ್ರಹಕಾರರು ಒಳ್ಳೇ ಬೆಲೆ ಕೊಡ್ತಾರೆ ಅನ್ನೋದು ಅವನ ಲೆಕ್ಕ. ಮಾರದಿದ್ದರೂ ವಿಂಟೇಜ್ ನಂಬರ್ ಆದರೂ ಮಾಡಿಸಿ ಅಂತಾನೆ. ನನಗೂ ಮೊದಲು ಅದೇ ಸರಿ ಅನ್ನಿಸಿತ್ತು. ಶ್ರೀರಂಗಪಟ್ಟಣದ ಹತ್ತಿರ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ಮ್ಯೂಸಿಯಂ ಇದೆಯಲ್ಲ, ಅಲ್ಲಿ ಸಾಲಾಗಿ ನಿಂತ ಹಳೇ ಕಾರುಗಳನ್ನು ನೋಡಿದರೆ ಯಾರಿಗೂ ಹಾಗೇ ಅನ್ನಿಸುತ್ತೆ.

ರಾತ್ರಿ ಕೂತು ನಿಯಮ ಓದಿದೆ. 2021ರ ವಿಂಟೇಜ್ ನಿಯಮದಂತೆ ಗಾಡಿಗೆ ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲದಂತೆಯೇ ಇರಬೇಕು. ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುತ್ತೆ. ಆದರೆ ದಿನನಿತ್ಯಕ್ಕೆ ರಸ್ತೆಗೆ ಇಳಿಸುವ ಹಾಗಿಲ್ಲ, ರ್‍ಯಾಲಿ, ಪ್ರದರ್ಶನ, ರಿಪೇರಿ, ಇಷ್ಟಕ್ಕೇ. ಹಾಗಂತ ಈಗಿನ ಸ್ಥಿತಿಯೂ ಸರಿ ಇಲ್ಲ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನು ಒಪ್ಪಲ್ಲ, ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಮೂಲ ವಿನ್ಯಾಸ ಬದಲಿಸುವುದಕ್ಕೆ ಬೇಡ ಅಂದಿದೆ. ಆದ್ದರಿಂದಲೇ ನಮ್ಮ ಜೀಪು ತೋಟದ ಗೇಟು ದಾಟುವುದಿಲ್ಲ. ದಾಟಿದ್ದು ಒಮ್ಮೆ, 2019ರ ಆಗಸ್ಟಿನಲ್ಲಿ. ಚಾರ್ಮಾಡಿ ಘಾಟಿ ಕುಸಿದಿದ್ದ ಆ ಮಳೆಯಲ್ಲಿ ಪಕ್ಕದ ಮನೆಯ ಅಜ್ಜಿಗೆ ಉಸಿರು ಕಟ್ಟಿತು, ಆಂಬುಲೆನ್ಸು ಈ ಕಡೆ ಬರೋ ಹಾಗಿರಲಿಲ್ಲ. ದೊಡ್ಡಪ್ಪ ಬಿದ್ದ ಮರಗಳನ್ನು ಸುತ್ತಿ, ಗದ್ದೆಗೆ ಇಳಿಸಿ, ಮೂಡಿಗೆರೆ ಮುಟ್ಟಿಸಿದರು. ಅಜ್ಜಿ ಆಮೇಲೆ ಮೂರು ವರ್ಷ ಇದ್ದರು.

ಮರುದಿನ ಮೂಲ ಯಾವುದು ಅಂತ ನೋಡೋಣ ಅಂತ ಟಾರ್ಚ್ ಹಿಡಿದು ಜೀಪಿನ ಕೆಳಗೆ ಮಲಗಿದೆ. ಫೋರ್ಡ್ ಕಂಪನಿ ತಾನು ಮಾಡಿದ ಜೀಪಿನ ಬೋಲ್ಟಿಗೆಲ್ಲ ಇಂಗ್ಲಿಷಿನ 'ಎಫ್' ಅಕ್ಷರ ಒತ್ತುತ್ತಿತ್ತು. ಬಾಡಿಯ ಬೋಲ್ಟುಗಳನ್ನು ಒರೆಸಿದರೆ ಸಾಲಾಗಿ ಎಫ್, ಎಫ್, ಎಫ್. ಫೋರ್ಡೇ ಅಂತ ಖುಷಿಯಾಯ್ತು. ಮುಂದೆ ತೆವಳಿ ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡಿದೆ. ಫೋರ್ಡಿನದು ಚೌಕವಾಗಿರಬೇಕು. ಇಲ್ಲಿರುವುದು ದುಂಡಗಿನ ಪೈಪು, ಅದು ವಿಲ್ಲೀಸಿನದು! ಅಂದ್ರೆ ಅಜ್ಜನ ಕೈಗೆ ಬರುವ ಮೊದಲೋ ಆಮೇಲೋ ಯಾವುದೋ ವರ್ಕ್‌ಶಾಪಿನಲ್ಲಿ ಎರಡು ಜೀಪು ಸೇರಿ ಒಂದಾಗಿತ್ತು. ಯಾವ ಮೂಲಕ್ಕೆ ತಿರುಗಿಸೋದು?

ಅಣ್ಣನಿಗೆ ಫೋಟೊ ಕಳಿಸಿ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಂಗೆ ಬೆಲೆ ಮುಖ್ಯ ಅಲ್ಲ ಕಣೋ. ಆ ಹಳ್ಳದ ತಿರುವಲ್ಲಿ ಅಪ್ಪ ಒಬ್ರೇ ಇರ್ತಾರೆ, ಅದಕ್ಕೆ" ಅಂದ. ಅದು ನನಗೆ ಹೊಳೆದೇ ಇರಲಿಲ್ಲ. ಒಂದು ಮಾತಿಗೆ ಬಂದೆವು. ಸ್ಟೀರಿಂಗ್ ಹಾಕಿಸೋದು, ಜೊತೆಗೆ ಮುಂದೆ ಡಿಸ್ಕ್ ಬ್ರೇಕು, ಸೀಟ್ ಬೆಲ್ಟು. ಸಂಜೆ ಆರರ ಮೇಲೆ ಓಡಿಸುವ ಹಾಗಿಲ್ಲ, ಹಳ್ಳದ ಕಡೆಗೆ ರೈಟರ್ ಜೊತೆಯಲ್ಲೇ ಇರಬೇಕು. ದೊಡ್ಡಪ್ಪ ಕೊನೆಯ ಎರಡಕ್ಕೆ ಮುಖ ಸಿಂಡರಿಸಿದರು, ಆದರೆ ಇಲ್ಲ ಅನ್ನಲಿಲ್ಲ.

ಜನ್ನಾಪುರದ ಕಡೆಯಿಂದ ಮೇಸ್ತ್ರಿ ಬಂದು ಟೇಪು ಹಿಡಿದು ಅಳತೆ ತಗೊಂಡ. ಪಂಪು, ಸ್ಟೀರಿಂಗ್ ಬಾಕ್ಸು ಶಿವಾಜಿನಗರದ ಗುಜರಿಯಲ್ಲಿ ನಾನು ಹುಡುಕಬೇಕು, ಯಾವ ಗಾಡಿಯದು ಅಂತ ಚೀಟಿ ಬರೆದುಕೊಟ್ಟಿದ್ದಾನೆ. ಶೆಡ್ಡಿನ ಪೆಟ್ರೋಲ್ ಇಂಜಿನ್ನಿಗೆ ಎಣ್ಣೆ ಸುರಿದು ಗೋಣಿಚೀಲ ಸುತ್ತಿ ಅಟ್ಟದ ಕೆಳಗೆ ಇಟ್ಟೆವು, ನಾಲ್ಕು ಜನ ಬೇಕಾಯ್ತು.

ಹೊರಡುವ ದಿನ ಕಣದಲ್ಲಿ ದೊಡ್ಡಪ್ಪ ಕ್ಯಾನು ಹಿಡಿದು ನಿಂತಿದ್ದರು. "ಏಳು, ಡೀಸೆಲ್ ಹಾಕ್ಬೇಕು" ಅಂದರು. ಡ್ರೈವರ್ ಸೀಟಿನಲ್ಲಿ ಕೂತಿದ್ದವನು ನಾನು.