ಎರಡು ಕಿವಿಗಳ ಲೆಕ್ಕ

ಕಣ್ಣಿನ ಮಹಿಮೆಯನ್ನು ಕೊಂಡಾಡಿದಷ್ಟು ನಾವು ಕಿವಿಯ ಮಹಿಮೆಯನ್ನು ಕೊಂಡಾಡುವುದಿಲ್ಲ. ಆದರೆ ಕಾಲವನ್ನು ಸೂಕ್ಷ್ಮವಾಗಿ ಅಳೆಯುವುದರಲ್ಲಿ ಕಣ್ಣು ಕಿವಿಗೆ ಸಮನಲ್ಲ.

ನಿಮ್ಮನ್ನು ಬಲಗಡೆಯಿಂದ ಯಾರೋ ಕರೆದರೆನ್ನಿ. ಆ ದನಿ ಮೊದಲು ಬಲಗಿವಿಯನ್ನು ಮುಟ್ಟಿ, ಅನಂತರ ಎಡಗಿವಿಯನ್ನು ಸೇರುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಈ ಅಂತರ ಹೆಚ್ಚೆಂದರೆ ಸೆಕೆಂಡಿನ 10,000 ಭಾಗಗಳಲ್ಲಿ ಆರೇಳು ಭಾಗ ಮಾತ್ರ. ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಅಂತರವನ್ನೂ ಮನುಷ್ಯನು ಗುರುತಿಸಬಲ್ಲನು. ನರದ ಒಂದು ಮಿಡಿತಕ್ಕೇ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ಹಿಡಿಯುವಾಗ ಇದು ಹೇಗೆ ಸಾಧ್ಯ?

ಶಬ್ದವೆಂದರೆ ಅಲೆ. ಕಿವಿಯ ನರತಂತು ಪ್ರತಿಯೊಂದು ಅಲೆಗೂ ಮಿಡಿಯಲಾರದು. ಆದರೆ, ಬಹಳ ಏರಿದ ದನಿಗಳನ್ನು ಬಿಟ್ಟರೆ, ಮಿಡಿದಾಗಲೆಲ್ಲ ಅಲೆಯ ಒಂದೇ ಘಟ್ಟದಲ್ಲಿ ಮಿಡಿಯುತ್ತದೆ. ಕೆಲವು ಪೆಟ್ಟುಗಳನ್ನು ಬಿಟ್ಟರೂ ತಾಳ ತಪ್ಪದ ಮದ್ದಳೆಗಾರನಂತೆ ಅದರ ನಡೆ. ಒಂದು ತಂತು ಬಿಟ್ಟುದನ್ನು ಮತ್ತೊಂದು ತುಂಬುತ್ತದೆ.

ಈ ಮಿಡಿತಗಳನ್ನು ಮಿದುಳು ಹೋಲಿಸುವ ಬಗೆಯೊಂದನ್ನು ಅಮೆರಿಕದ ಲಾಯ್ಡ್ ಜೆಫ್ರೆಸ್ 1948ರಲ್ಲಿ ಊಹಿಸಿದರು. ಒಂದು ದಾರಿಯ ಎರಡು ತುದಿಗಳಿಂದ ಇಬ್ಬರು ಒಂದೇ ವೇಗದಲ್ಲಿ ಎದುರುಬದುರಾಗಿ ಹೊರಟರೆ ನಡುವೆ ಸಂಧಿಸುತ್ತಾರೆ. ಒಬ್ಬನು ಮೊದಲೇ ಹೊರಟಿದ್ದರೆ ಅವರು ಸಂಧಿಸುವ ಸ್ಥಳ ಇನ್ನೊಬ್ಬನ ಕಡೆಗೆ ಸರಿಯುತ್ತದೆ. ಅಂತೆಯೇ ಎರಡು ಕಿವಿಗಳ ಮಿಡಿತಗಳು ಯಾವ ನರಕೋಶದಲ್ಲಿ ಕೂಡುವವೋ ಅದೇ ದನಿಯ ದಿಕ್ಕನ್ನು ಸೂಚಿಸುತ್ತದೆ. ಕತ್ತಲಲ್ಲಿ ಇಲಿಯ ಸದ್ದನ್ನೇ ಹಿಡಿದು ಬೇಟೆಯಾಡುವ ಕಣಜಗೂಬೆಯ ಮಿದುಳಿನಲ್ಲಿ ಇಂತಹ ಏರ್ಪಾಡು ಇರುವುದನ್ನು ಕ್ಯಾಥರೀನ್ ಕಾರ್ ಮತ್ತು ಮಸಕಜು ಕೊನಿಶಿ ಎಂಬ ವಿಜ್ಞಾನಿಗಳು 1988ರಲ್ಲಿ ತೋರಿಸಿದರು. ಸಸ್ತನಿಗಳ ಬಗೆ ಇದಕ್ಕಿಂತ ತುಸು ಬೇರೆಯೆಂದು ಅನಂತರದ ಸಂಶೋಧನೆಗಳು ಸೂಚಿಸಿವೆ.

ಈ ಲೆಕ್ಕದ ಬೆಲೆ ನನಗೆ ತಿಳಿದುದು ಅದು ನಿಂತುಹೋದ ಮೇಲೆ. ಆರು ವರ್ಷಗಳ ಹಿಂದೆ ಕಾಯಿಲೆಯಿಂದ ನನ್ನ ಎಡಗಿವಿ ಕಿವುಡಾಯಿತು. ಇಂದಿಗೂ ದನಿ ಕೇಳಿಸುತ್ತದೆ, ದಿಕ್ಕು ತಿಳಿಯದು. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಯಾವ ಕಡೆಗೆ ಸರಿಯಬೇಕೆಂದು ತೋಚದೆ ನಿಂತುಬಿಡುತ್ತೇನೆ. ಮೊಮ್ಮಗಳು ಇದನ್ನು ಅರಿತಿದ್ದಾಳೆ. ಅವಳೀಗ ದೂರದಿಂದ ಕೂಗುವುದಿಲ್ಲ. ಎದುರಿಗೆ ಬಂದು ನಿಂತು, “ತಾತ, ಇಲ್ಲಿದ್ದೇನೆ” ಎನ್ನುತ್ತಾಳೆ.

ನಿಮ್ಮ ಮನೆಯ ಹಿರಿಯರೂ ಕರೆದಾಗ ಬೇರೊಂದು ಕಡೆಗೆ ತಿರುಗಬಹುದು. ಆಗ ನಗಬೇಡಿ, ನಾಲ್ಕು ಹೆಜ್ಜೆ ನಡೆದು ಅವರ ಮುಂದೆ ನಿಲ್ಲಿ.