ಕೂಟದೊಳಗಿದ್ದೇ ಕೂಟದ ನಿಯಮ ಮೀರಿದ ಕಾಲೇಜು

ನಮ್ಮಲ್ಲಿ ಬಹುಪಾಲು ಜನ ಬ್ರಾಂಕ್ಸ್ ಕಡೆ ಹೋಗುವುದು ಎರಡೇ ಕಾರಣಕ್ಕೆ: ಊರಿನಿಂದ ಅಪ್ಪ ಅಮ್ಮ ಬಂದಾಗ ಸಸ್ಯೋದ್ಯಾನ ತೋರಿಸಲು, ಮಕ್ಕಳು ಚಿಕ್ಕವರಿದ್ದಾಗ ಮೃಗಾಲಯ ತೋರಿಸಲು. ಆ ಸಸ್ಯೋದ್ಯಾನದ ಎದುರಿಗೇ ಫೋರ್ಡಮ್ ವಿಶ್ವವಿದ್ಯಾಲಯವಿದೆ. 1841ರಲ್ಲಿ ಶುರುವಾಗಿ ಐದು ವರ್ಷಕ್ಕೆ ಜೆಸುಯಿಟ್ ಪಾದ್ರಿಗಳ ಕೈಗೆ ಬಂದ ಸಂಸ್ಥೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಕಟ್ಟಿದವರೂ ಇದೇ ಸಭೆಯವರು. ಫೋರ್ಡಮ್ಮಿನ ಫುಟ್‌ಬಾಲ್ ತಂಡ ಕೆಲವು ವರ್ಷ ತನ್ನ ಕೂಟದೊಡನೆ ನಡೆಸಿದ ತಕರಾರಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ. ಫುಟ್‌ಬಾಲಿನ ಗಂಧವೇ ಇಲ್ಲದವರೂ ಪುಟ ತಿರುವಬೇಡಿ. ತಕರಾರು ಚೆಂಡಿನದಲ್ಲ, ಕಾಲೇಜು ಫೀಸಿನದು. ಅದು ನಮಗೆಲ್ಲ ಚೆನ್ನಾಗಿ ಅರ್ಥವಾಗುವ ವಿಷಯ.

ಈ ದೇಶದಲ್ಲಿ ಕಾಲೇಜು ತಂಡಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಆಡುತ್ತವೆ. ನಮ್ಮ ಕನ್ನಡ ಕೂಟದ ಹಾಗೆ ಅದೂ ಒಂದು ಕೂಟವೇ: ಸದಸ್ಯರುಂಟು, ನಿಯಮಾವಳಿಯುಂಟು, ಮನಸ್ತಾಪಗಳೂ ಉಂಟು. ಫೋರ್ಡಮ್ ಫುಟ್‌ಬಾಲ್ ಇರುವುದು ಪೇಟ್ರಿಯಟ್ ಲೀಗ್‌ನಲ್ಲಿ. 1986ರಲ್ಲಿ ಕಲೋನಿಯಲ್ ಲೀಗ್ ಎಂಬ ಹೆಸರಿನಲ್ಲಿ ಹುಟ್ಟಿ 1990ರಲ್ಲಿ ಹೆಸರು ಬದಲಿಸಿಕೊಂಡ ಈ ಕೂಟದಲ್ಲಿ ಲೀಹೈ, ಲಾಫಯೆಟ್, ಕೋಲ್ಗೇಟ್, ಬಕ್‌ನೆಲ್, ಹೋಲಿ ಕ್ರಾಸ್ ಮೊದಲಾದ, ಓದಿಗೆ ಹೆಸರಾದ ಕಾಲೇಜುಗಳಿವೆ. ಇವರಿಗೆ ಮಾದರಿ ಐವಿ ಲೀಗ್. ಆಟ ಚೆನ್ನಾಗಿ ಆಡುತ್ತಾನೆಂದು ಯಾರಿಗೂ ಹಣ ಕೊಡತಕ್ಕದ್ದಲ್ಲ. ಮನೆಯ ಸ್ಥಿತಿ ನೋಡಿ, ಅಗತ್ಯವಿದ್ದವನಿಗೆ ಅಗತ್ಯವಿದ್ದಷ್ಟೇ ಸಹಾಯ. ಮೂಲ ನಿಯಮ ಇಷ್ಟು ಸರಳ.

ಒಳ್ಳೆಯ ನಿಯಮ ಎಂದೇ ನಮಗನ್ನಿಸುತ್ತದೆ. ವಾರಾನ್ನ ಉಂಡು ಓದಿದ ಹಿರಿಯರ, ಸಿದ್ಧಗಂಗೆಯಂಥ ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿದ್ದು ಮೇಲೆ ಬಂದವರ ಕಥೆ ಕೇಳಿ ಬೆಳೆದವರು ನಾವು. ಹಸಿದವನಿಗೆ ಮೊದಲು ಎಲೆ ಹಾಕಬೇಕೆಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಮಧ್ಯದಲ್ಲಿರುವವರ ಪಾಡೇನು? ಹನ್ನೆರಡನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಫ್ಯಾಫ್ಸಾ ಫಾರಂ ತುಂಬಿದ ಸಂಜೆ ಹೇಗಿರುತ್ತದೆಂದು ನಮಗೆ ಗೊತ್ತು. ಗಂಡ ಹೆಂಡತಿ ಇಬ್ಬರ ಸಂಬಳ ಕೂಡಿಸಿದಾಗ ಕಾಗದದ ಮೇಲೆ ನಾವು ಕುಬೇರರು. ಮನೆ ಸಾಲದ ಕಂತು, ಪ್ರಾಪರ್ಟಿ ಟ್ಯಾಕ್ಸ್, ಊರಿನಲ್ಲಿ ಅಪ್ಪ ಅಮ್ಮನ ಔಷಧಿಗೆ ಕಳಿಸುವ ಹಣ, ಇವಕ್ಕೆ ಆ ಫಾರಂನಲ್ಲಿ ಕಾಲಂ ಇಲ್ಲ. ‘ಕುಟುಂಬದಿಂದ ನಿರೀಕ್ಷಿಸುವ ಪಾಲು’ ಎಂದಿದ್ದ ಹೆಸರನ್ನು 2024-25ರ ಸಾಲಿನಿಂದ ‘ವಿದ್ಯಾರ್ಥಿ ನೆರವಿನ ಸೂಚ್ಯಂಕ’ ಎಂದು ಬದಲಿಸಿದ್ದಾರೆ. ಹೆಸರು ಮೆತ್ತಗಾಯಿತು, ಅಂಕಿ ಮೆತ್ತಗಾಗಲಿಲ್ಲ.

ಅಗತ್ಯ ನೋಡಿ ಮಾತ್ರ ಕೊಡುವ ಕೂಟದಲ್ಲಿ ಫುಟ್‌ಬಾಲ್ ತಂಡಕ್ಕೂ ಇದೇ ತೊಡಕು. ಶಿಕ್ಷಕರ ಮಗ, ಅಗ್ನಿಶಾಮಕ ದಳದವರ ಮಗ, ಆಟ ಬಲ್ಲ, ಓದೂ ಬಲ್ಲ. ಲೆಕ್ಕದ ಪ್ರಕಾರ ಅವನಿಗೆ ‘ಅಗತ್ಯ’ ಸಾಲದು. ಅವನಿಗೆ ಪೂರ್ತಿ ಸ್ಕಾಲರ್‌ಶಿಪ್ ಕೊಡುವ ಬೇರೆ ಕೂಟದ ಕಾಲೇಜು ಎರಡು ಗಂಟೆ ದೂರದಲ್ಲಿದೆ. ಅವನು ಅಲ್ಲಿಗೇ ಹೋಗುತ್ತಾನೆ. ಇದರ ಮೇಲೆ, ಮೂಲನಿಧಿ ದೊಡ್ಡದಿರುವ ಕಾಲೇಜು ಅದೇ ಅಗತ್ಯಕ್ಕೆ ಸಾಲವಿಲ್ಲದ ಗ್ರಾಂಟ್ ಕೊಡಬಲ್ಲದು, ಚಿಕ್ಕದಿರುವ ಕಾಲೇಜು ಸಾಲ ಬೆರೆಸಿ ಕೊಡಬೇಕು. ನಿಯಮ ಎಲ್ಲರಿಗೂ ಒಂದೇ, ಕೈಗೆ ಸಿಗುವುದು ಒಂದೇ ಅಲ್ಲ.

ಫೋರ್ಡಮ್ಮಿಗೆ ಫುಟ್‌ಬಾಲ್ ಎಂದರೆ ಹಳೆಯ ಅಭಿಮಾನ. 1930ರ ದಶಕದಲ್ಲಿ ‘ಗ್ರಾನೈಟಿನ ಏಳು ಬಂಡೆ’ಗಳೆಂದು ಹೆಸರಾದ ಅದರ ಮುಂಚೂಣಿಯಲ್ಲಿ ಬ್ರೂಕ್ಲಿನ್ ಹುಡುಗ ವಿನ್ಸ್ ಲೊಂಬಾರ್ಡಿ ಆಡುತ್ತಿದ್ದ, ಇಂದು ಸೂಪರ್ ಬೌಲ್ ಗೆದ್ದವರಿಗೆ ಕೊಡುವುದು ಅವನ ಹೆಸರಿನ ಟ್ರೋಫಿ. 1954ರ ನಂತರ ಕಾಲೇಜು ಆಟವನ್ನೇ ನಿಲ್ಲಿಸಿತು. 1964ರಲ್ಲಿ ವಿದ್ಯಾರ್ಥಿಗಳೇ ಕ್ಲಬ್ ತಂಡ ಕಟ್ಟಿಕೊಂಡು ಮತ್ತೆ ಶುರುಮಾಡಿದರು. ಮುಂದೆ ಬ್ಯಾಸ್ಕೆಟ್‌ಬಾಲ್ ಮುಂತಾದ ಆಟಗಳನ್ನು 1995ರಲ್ಲಿ ಅಟ್ಲಾಂಟಿಕ್ 10 ಎಂಬ ಇನ್ನೊಂದು ಕೂಟಕ್ಕೆ ಒಯ್ದರು. ಫುಟ್‌ಬಾಲ್ ಮಾತ್ರ ಪೇಟ್ರಿಯಟ್‌ನಲ್ಲೇ ಉಳಿಯಿತು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

2009ರಲ್ಲಿ, ಫಾದರ್ ಜೋಸೆಫ್ ಮೆಕ್‌ಶೇನ್ ಅಧ್ಯಕ್ಷರಾಗಿದ್ದಾಗ, ಫೋರ್ಡಮ್ ಹೇಳಿತು: 2010ರಲ್ಲಿ ಸೇರುವ ತಂಡದಿಂದ ನಾವು ಫುಟ್‌ಬಾಲಿಗೆ ಸ್ಕಾಲರ್‌ಶಿಪ್ ಕೊಡುತ್ತೇವೆ. ಕದ್ದುಮುಚ್ಚಿ ಕೊಡಲಿಲ್ಲ, ಮೊದಲೇ ಸಾರಿ ಕೊಟ್ಟರು. ಇನ್ನೊಂದು ಲೆಕ್ಕವೂ ಇತ್ತು. ಮೇಲಿನ ದರ್ಜೆಯ ದೊಡ್ಡ ತಂಡವೊಂದು ಕೆಳದರ್ಜೆಯ ತಂಡವನ್ನು ಸೋಲಿಸಿದರೆ ಆ ಗೆಲುವು ಋತುವಿನ ಕೊನೆಯ ಬೌಲ್ ಪಂದ್ಯದ ಅರ್ಹತೆಗೆ ಲೆಕ್ಕಕ್ಕೆ ಬರಬೇಕಾದರೆ, ಕೆಳದರ್ಜೆಯ ತಂಡ ತನಗೆ ಅನುಮತಿಯಿರುವ 63 ಸ್ಕಾಲರ್‌ಶಿಪ್‌ಗಳಲ್ಲಿ ಸರಾಸರಿ ಶೇಕಡಾ 90ರಷ್ಟಾದರೂ ಕೊಟ್ಟಿರಬೇಕಿತ್ತು. ಇಲ್ಲವಾದರೆ ದೊಡ್ಡವರು ಆಡಲು ಕರೆಯುವುದೇ ಕಡಿಮೆ.

ಕೂಟ ಹೊರಗೆ ಹಾಕಲಿಲ್ಲ, ಸುಮ್ಮನೆಯೂ ಇರಲಿಲ್ಲ. ಆಡಿ, ಆದರೆ ಪ್ರಶಸ್ತಿ ನಿಮಗಿಲ್ಲ ಎಂದಿತು. ಊಟಕ್ಕೆ ಕರೆದು ಪಂಕ್ತಿಯಲ್ಲಿ ಕೂರಿಸದ ಹಾಗೆ! 2010ರಿಂದ 2013ರವರೆಗೆ ನಾಲ್ಕು ಋತು ಹೀಗೇ ನಡೆಯಿತು. ಹಣ ಕೊಟ್ಟ ಮಾತ್ರಕ್ಕೆ ತಂಡವೇನೂ ರಾತ್ರಿ ಬೆಳಗಾಗುವುದರಲ್ಲಿ ಗೆಲ್ಲಲಿಲ್ಲ. 2011ರಲ್ಲಿ ಹನ್ನೊಂದು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು.

ಆದರೆ ಅಷ್ಟರಲ್ಲಿ ಕೂಟದ ಒಳಗೇ ಮಾತು ಬದಲಾಗಿತ್ತು. 2012ರ ಫೆಬ್ರವರಿಯಲ್ಲಿ ಪೇಟ್ರಿಯಟ್ ಕಾಲೇಜುಗಳ ಅಧ್ಯಕ್ಷರು ಸೇರಿ, 2013ರಲ್ಲಿ ಸೇರುವ ವಿದ್ಯಾರ್ಥಿಗಳಿಂದ ಫುಟ್‌ಬಾಲಿಗೂ ಸ್ಕಾಲರ್‌ಶಿಪ್ ಕೊಡಬಹುದು, ಬೇಕೋ ಬೇಡವೋ ಆಯಾ ಕಾಲೇಜಿಗೆ ಬಿಟ್ಟದ್ದು ಎಂದು ತೀರ್ಮಾನಿಸಿದರು. ಜಾರ್ಜ್‌ಟೌನ್ ಬೇಡವೆಂದು ಹಳೆಯ ದಾರಿಯಲ್ಲೇ ಉಳಿಯಿತು.

ಫೋರ್ಡಮ್ ಮೂರು ವರ್ಷ ಮುಂದಿದ್ದುದರಿಂದ 2013ರಲ್ಲೂ ಅದಕ್ಕೆ ಪ್ರಶಸ್ತಿ ನಿಷಿದ್ಧ. ಆ ವರ್ಷದ ತಮಾಷೆ ಕೇಳಿ. ತಮ್ಮ ಹಳೆಯ ಕ್ವಾರ್ಟರ್‌ಬ್ಯಾಕ್ ಜೋ ಮೂರ್‌ಹೆಡ್ ತರಬೇತಿಯಲ್ಲಿ ಫೋರ್ಡಮ್ ದೊಡ್ಡ ದರ್ಜೆಯ ಟೆಂಪಲ್ ತಂಡವನ್ನು ಒಂದೇ ಅಂಕದಿಂದ, 30-29ರಲ್ಲಿ ಸೋಲಿಸಿತು. ಪ್ಲೇಆಫ್‌ಗೆ ಮುಂಚೆ 11 ಗೆದ್ದು 1 ಸೋತಿತ್ತು. ಆದರೂ ಕೂಟದ ಚಾಂಪಿಯನ್ ಆಗಿ ಪ್ಲೇಆಫ್‌ಗೆ ಹೋದದ್ದು 5 ಗೆದ್ದು 6 ಸೋತ ಲಾಫಯೆಟ್. ಫೋರ್ಡಮ್ ವಿಶೇಷ ಆಹ್ವಾನದ ಮೇಲೆ ಹೋಯಿತು. ಮರುವರ್ಷ, 2014ರಲ್ಲಿ, ನಿಷೇಧ ಮುಗಿದ ಕೂಡಲೇ ಕೂಟದ ಪ್ರಶಸ್ತಿ ಗೆದ್ದರು.

ಇದೇ ವರ್ಷಗಳಲ್ಲಿ ಹಡ್ಸನ್ ನದಿಯ ಈಚೆ ನಮ್ಮ ರಟ್ಗರ್ಸ್ ನಡೆಸಿದ ಜಗಳ ಬೇರೆ ತರಹದ್ದು. 2012ರ ನವೆಂಬರ್‌ನಲ್ಲಿ ಬಿಗ್ ಈಸ್ಟ್ ಬಿಟ್ಟು ಬಿಗ್ ಟೆನ್ ಸೇರುತ್ತೇವೆಂದರು. 27 ತಿಂಗಳ ನೋಟಿಸ್, 1 ಕೋಟಿ ಡಾಲರ್ ನಿರ್ಗಮನ ಶುಲ್ಕ ಎಂದು ಕೂಟದ ನಿಯಮವಿತ್ತು. ಕೋರ್ಟಿಗೆ ಹೋಗಿ, ಕೊನೆಗೆ 1 ಕೋಟಿ 15 ಲಕ್ಷ ಡಾಲರ್‌ಗೆ ರಾಜಿಯಾಗಿ, 2014ರ ಜುಲೈನಲ್ಲಿ ಹೊರಟುಹೋದರು. ಅಲ್ಲಿ ವಾದವಿದ್ದದ್ದು ಶುಲ್ಕದ ಮೇಲೆ. ಯಾವ ಹುಡುಗನಿಗೆ ಏತಕ್ಕಾಗಿ ಸಹಾಯ ಸಲ್ಲಬೇಕು ಎಂಬ ಮಾತು ಅಲ್ಲಿ ಬರಲೇ ಇಲ್ಲ. ಫೋರ್ಡಮ್ ಮನೆ ಬಿಡದೆ, ದಂಡ ತೆರುತ್ತಾ, ಕೂತು ವಾದಿಸಿತು. ನಮಗೆ ಅದು ಹೆಚ್ಚು ಮರ್ಯಾದೆಯ ಜಗಳವಾಗಿ ಕಾಣುತ್ತದೆ.

ಹಾಗೆಂದು ಫೋರ್ಡಮ್ ಗೆದ್ದದ್ದರಿಂದ ನಮಗೆ ಪೂರ್ತಿ ಸಂತೋಷವೂ ಇಲ್ಲ. ಮಧ್ಯಮ ವರ್ಗದ ಮನೆಗೆ ಬಾಗಿಲು ತೆರೆಯಿತು ನಿಜ, ಆದರೆ ಚೆಂಡು ಹಿಡಿದವನಿಗೆ ಮಾತ್ರ. ಪಕ್ಕದ ಬೆಂಚಿನಲ್ಲಿ ಕೂತು ಕೆಮಿಸ್ಟ್ರಿ ಓದುವ ಹುಡುಗಿಯ ಫಾರಂ ಇದ್ದಲ್ಲೇ ಇದೆ. ಕರ್ನಾಟಕದಲ್ಲಿ ಸಿಇಟಿಯ ಕ್ರೀಡಾ ಕೋಟಾ ಕಂಡವರಿಗೆ ಇದು ಹೊಸದಲ್ಲ, ಆಟಕ್ಕೂ ಬೆಲೆಯಿರಲಿ. ಬೆಲೆ ಆಟಕ್ಕೆ ಮಾತ್ರವಾದಾಗ ಕಸಿವಿಸಿಯಾಗುತ್ತದೆ.

ಈ ವರ್ಷ ಅರ್ಜಿ ಹಾಕುವ ಮಕ್ಕಳಿರುವ ಸದಸ್ಯರು ಕಾಲೇಜು ನೋಡಲು ಹೋದಾಗ ಕಟ್ಟಡಗಳ ಫೋಟೋ ತೆಗೆಯುವುದಕ್ಕೆ ಮುಂಚೆ, ಅಲ್ಲಿ ಹಣ ಕೊಡುವುದು ಅಗತ್ಯ ನೋಡಿಯೋ ಪ್ರತಿಭೆ ನೋಡಿಯೋ ಎಂದು ಕೇಳಿ. ಹತ್ತಿರದ ಪ್ರಿನ್ಸ್‌ಟನ್, ಕೊಲಂಬಿಯಾ ಸೇರಿ ಐವಿ ಲೀಗ್‌ನ ಎಂಟೂ ಕಾಲೇಜುಗಳಲ್ಲಿ ಅಗತ್ಯ ನೋಡಿ ಮಾತ್ರ. 2011ರಿಂದ ಕಾಲೇಜುಗಳು ತಮ್ಮ ವೆಬ್‌ಸೈಟ್‌ನಲ್ಲಿ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇಡಬೇಕೆಂದು ಕಾನೂನಿದೆ. ಹೋದ ವರ್ಷದ ಟ್ಯಾಕ್ಸ್ ರಿಟರ್ನ್ ಪಕ್ಕದಲ್ಲಿಟ್ಟುಕೊಂಡರೆ ಅರ್ಧ ಗಂಟೆಯ ಕೆಲಸ.